ಕಲಫೋನ ಎಂಬ ಊರು

ಸಿನಿಮಾದ ಡಬ್ಬಿಗಳು ಬಂದ ದಿನ ನಾನು ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿದ್ದ ಪ್ರೊಜೆಕ್ಟರ್ ಕೋಣೆಗೆ ಅವನ್ನು ನಾನೇ ಹೊತ್ತುಕೊಂಡು ಹೋದೆ. ಹದಿನಾರು ಮಿಲಿಮೀಟರಿನ ಪ್ರಿಂಟು, ಎರಡು ದೊಡ್ಡ ರೀಲು. ಮೊದಲನೆಯದನ್ನು ಏರಿಸಿ ಗೋಡೆಯ ಮೇಲೆ ಬಿಟ್ಟೆ. ಕಡಲು ಕಾಣಿಸಿತು. ಗುಡ್ಡದ ತುದಿಯಲ್ಲಿ ಕಲ್ಲಿನ ಪುಟ್ಟ ಗೂಡು, ಅದರೊಳಗೆ ದುರ್ಬೀನು ಹಿಡಿದು ಕೂತ ಒಬ್ಬ ಮುದುಕ. ತಿಮಿಂಗಿಲ ಕಂಡರೆ ಊರಿಗೆ ಕೂಗಿ ಹೇಳುವುದು ಅವನ ಕೆಲಸ. ಮುದುಕ ಬಾಯಿ ತೆರೆದು ಏನೋ ಹೇಳಿದ. ಇಂಗ್ಲಿಷ್ ಸಾಲುಗಳಿಗಾಗಿ ಚಿತ್ರದ ಕೆಳತುದಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಡಬ್ಬಿಯ ಮೇಲಿನ ಚೀಟಿಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದೆ ಎಂದೇ ಇತ್ತು. ಕಳಿಸಿದವರಿಗೆ ಫೋನು ಮಾಡಿದೆ. ಸಬ್‌ಟೈಟಲ್ ಇರುವ ಪ್ರಿಂಟು ಬೇರೆ ರಾಜ್ಯದಲ್ಲಿ ಓಡುತ್ತಿದೆ, ಬೇಸಿಗೆಗೆ ಮೊದಲು ಸಿಗುವುದಿಲ್ಲ ಎಂದರು. ನನ್ನ ಕೋರ್ಸು ಬೇಸಿಗೆಗೆ ಮೊದಲೇ ಮುಗಿಯುವುದಿತ್ತು.

ಎಂಬತ್ತರ ದಶಕದ ನಡುವಿನ ಒಂದು ವಸಂತದ ಮಾತು ಇದು. ನಾನಾಗ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಪೋರ್ಚುಗಲ್ಲಿನ ಇತ್ತೀಚಿನ ಚರಿತ್ರೆಯನ್ನು ಅಲ್ಲಿನ ಕಥೆ, ಕಾದಂಬರಿ, ಸಿನಿಮಾಗಳ ಮೂಲಕ ಕಲಿಸುವ ಕೋರ್ಸೊಂದಿತ್ತು. ಅದನ್ನು ಕಲಿಸಬೇಕಿದ್ದ ಪ್ರಾಧ್ಯಾಪಕರು ಇದ್ದಕ್ಕಿದ್ದಂತೆ ರಜೆ ಹಾಕಿದರು. ವಿಭಾಗದಲ್ಲಿ ಪೋರ್ಚುಗೀಸ್ ಬಲ್ಲವಳು ನಾನೊಬ್ಬಳೇ ಆಗಿದ್ದೆ. ಕಾರವಾರದ ಪಕ್ಕದ ಸದಾಶಿವಗಡದವಳಾದ ನಾನು ಪಣಜಿಯ ಹಳೆಯ ದಾಖಲೆಗಳ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಆ ಭಾಷೆ ಕಲಿತದ್ದು. ಹಾಗಾಗಿ ಕೋರ್ಸು ನನ್ನ ಕೈಗೆ ಬಂತು.

ವಿಭಾಗದ ಮುಖ್ಯಸ್ಥೆ ಫ್ರಾನ್ಸಿನ ಚರಿತ್ರೆ ಓದಿದವರು. ನೇರ ಮಾತಿನ ಹೆಂಗಸು. ಕೋರ್ಸು ಒಪ್ಪಿಸುವಾಗ ಮುಚ್ಚುಮರೆ ಮಾಡಲಿಲ್ಲ.

"ಈ ಒಂದು ಸಲ ನಡೆಸಿ ನೋಡೋಣ. ನಾನು ಒಂದು ಕ್ಲಾಸಿಗೆ ಬಂದು ಕೂರ್ತೀನಿ. ಇದು ಚರಿತ್ರೆಯ ಪಾಠ ಅಂತ ಅನ್ನಿಸಿದ್ರೆ ಉಳಿಸ್ಕೋತೀವಿ. ಸಿನಿಮಾ ಕ್ಲಬ್ಬು ಅಂತ ಅನ್ನಿಸಿದ್ರೆ ಇಲ್ಲಿಗೇ ನಿಲ್ಲಿಸ್ತೀವಿ," ಎಂದರು. ನಾನು ಏಳುವಾಗ, "ಇನ್ನೊಂದು ವಿಷಯ. ಕಮಿಟಿಯಲ್ಲಿ ಒಬ್ಬರು ಕೇಳಿದ್ರು. ಗೋವಾದ ಪಕ್ಕದವರು ನೀವು. ಪೋರ್ಚುಗಲ್ ವಿಷಯದಲ್ಲಿ ನ್ಯಾಯವಾಗಿ ಮಾತಾಡೋಕಾಗುತ್ತಾ?"

"ಪಾಠ ಕೇಳಿದ ಮೇಲೆ ನೀವೇ ಹೇಳಿ," ಎಂದೆ. ಹೊರಗೆ ಬಂದ ಮೇಲೆ ಆ ಪ್ರಶ್ನೆ ಬಹಳ ಹೊತ್ತು ಚುಚ್ಚುತ್ತಿತ್ತು. ಫ್ರಾನ್ಸಿನ ಚರಿತ್ರೆ ಕಲಿಸುವ ಅಮೆರಿಕದವರನ್ನು ಯಾರೂ ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಮೊದಲ ವಾರಗಳು ಚೆನ್ನಾಗಿಯೇ ನಡೆದವು. ಪೋರ್ಚುಗಲ್ಲಿನಲ್ಲಿ ಅರ್ಧ ಶತಮಾನದ ಹತ್ತಿರ ಸರ್ವಾಧಿಕಾರವಿತ್ತು. ಪತ್ರಿಕೆಯ ಪ್ರತಿ ಸಾಲೂ ಅಚ್ಚಿಗೆ ಹೋಗುವ ಮೊದಲು ಸರ್ಕಾರದ ನೀಲಿ ಪೆನ್ಸಿಲ್ಲಿನ ಕೆಳಗೆ ಹಾದು ಬರಬೇಕಾಗಿತ್ತು. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು ಅನ್ನಿಸಿತು. ಕ್ಯಾಂಪಸ್ಸಿನ ದಿನಪತ್ರಿಕೆಯ ಒಂದು ಪುಟವನ್ನು ಹಂಚಿ, ಪ್ರತಿಯೊಬ್ಬರ ಕೈಗೂ ನೀಲಿ ಪೆನ್ಸಿಲ್ಲು ಕೊಟ್ಟು, "ನೀವೇ ಅಧಿಕಾರಿಗಳು. ಸರ್ಕಾರಕ್ಕೆ ಇರಿಸುಮುರಿಸಾಗುವುದನ್ನೆಲ್ಲ ಹೊಡೆದುಹಾಕಿ," ಎಂದೆ. ಮೊದಲು ನಗುತ್ತ ಶುರು ಮಾಡಿದವರು ಕೊನೆಕೊನೆಗೆ ಹವಾಮಾನದ ವರದಿಯನ್ನೂ ಬಿಡಲಿಲ್ಲ. ಮಳೆ ಬಂದರೆ ಮೆರವಣಿಗೆ ಕೆಡುತ್ತದೆ ಎಂದು ಜನಕ್ಕೆ ಗೊತ್ತಾಗಬಾರದಂತೆ. ಆಮೇಲೆ ಅವರೊಡನೆ ಆ ಕಾಲದ ಒಂದು ಕಾದಂಬರಿಯನ್ನು ಓದಿದಾಗ, ಲೇಖಕ ಏನನ್ನು ಹೇಳದೆ ಬಿಟ್ಟಿದ್ದಾನೆ ಎಂದು ಅವರೇ ಹುಡುಕತೊಡಗಿದರು.

ಆದರೆ ಕೋರ್ಸಿನ ನಡುಗಂಬ ಈ ಸಿನಿಮಾ. ಸೈನಿಕರು ಬಂದೂಕಿನ ಬಾಯಿಗೆ ಕೆಂಪು ಹೂ ಸಿಕ್ಕಿಸಿಕೊಂಡು ಸರ್ಕಾರವನ್ನು ಉರುಳಿಸಿದ ಎಪ್ಪತ್ತನಾಲ್ಕರ ಏಪ್ರಿಲಿನ ಕ್ರಾಂತಿಯಾದ ಮೇಲೆ, ಅಟ್ಲಾಂಟಿಕ್ ನಡುವಿನ ಅಸೋರಿಶ್ ದ್ವೀಪಗಳಲ್ಲಿ ತೆಗೆದ ಚಿತ್ರ ಅದು. ಕಥೆ ಮಾತ್ರ ಕ್ರಾಂತಿಗೆ ಮುಂಚಿನದು, ಆಫ್ರಿಕಾದ ವಸಾಹತುಗಳಲ್ಲಿ ಯುದ್ಧ ನಡೆಯುತ್ತಿರುತ್ತದೆ. ತಿಮಿಂಗಿಲ ಕಾಯುವ ಮುದುಕನ ಮಗನಿಗೆ ಸೈನ್ಯದ ಕರೆ ಬರುತ್ತದೆ. ಮಗ ಮಾಯವಾಗುತ್ತಾನೆ. ಅವನನ್ನು ಹುಡುಕಿಕೊಂಡು ರಾಜಧಾನಿ ಲಿಸ್ಬನ್ನಿನಿಂದ ರಹಸ್ಯ ಪೊಲೀಸಿನವನೊಬ್ಬ ಬರುತ್ತಾನೆ. ಇಷ್ಟೇ ಕಥೆ. ಮುಖ್ಯಸ್ಥೆ ಬಂದು ಕೂರುತ್ತೇನೆ ಎಂದಿದ್ದು ಈ ಚಿತ್ರದ ಪಾಠಕ್ಕೇ.

ನಾನಾಗ ಸಾಂಟಾ ಕ್ಲಾರಾದಲ್ಲಿ ಒಂದು ಅಪಾರ್ಟ್‌ಮೆಂಟನ್ನು ಹುಬ್ಬಳ್ಳಿಯ ಅಕ್ಕ ಒಬ್ಬರೊಡನೆ ಹಂಚಿಕೊಂಡಿದ್ದೆ. ಅವರು ಚಿಪ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು. ಸಿನಿಮಾ ಬಂದ ದಿನದ ಸಂಜೆ ಅವರು ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತಂದು ಡಬ್ಬಿಗೆ ತುಂಬುತ್ತಿದ್ದರು.

"ಯಾಕ ತಂಗಿ, ಮಾರಿ ಸಪ್ಪಗ ಮಾಡ್ಕೊಂಡ್ ಕುಂತಿ?"

"ಸಿನಿಮಾ ಬಂತು ಅಕ್ಕ. ಸಬ್‌ಟೈಟಲ್ ಇಲ್ಲ."

"ಇಲ್ಲಂದ್ರ ನೀನ ಬರಿ."

"ಫಿಲ್ಮಿನ ಮೇಲೆ ಬರೆಯೋಕೆ ಆಗತ್ತಾ?"

"ಫಿಲ್ಮಿನ ಮ್ಯಾಲ ಯಾಕ ಬರೀತಿ? ಬ್ಯಾರೆ ಸ್ಲೈಡ್ ಮಾಡಿ ಅದರ ಕೆಳಗ ಬಿಡು. ನಾವು ಆಫೀಸಿನ್ಯಾಗ ದಿನಾ ಮಾಡೂದು ಅದನ್ನ. ದೊಡ್ಡದಾಗಿ ಬರದ ನಕ್ಷಾನ ಫೋಟೋ ಹೊಡದು ಸಣ್ಣದು ಮಾಡ್ತೀವಿ. ಬರೇ ಕಪ್ಪು, ಬರೇ ಬಿಳುಪು ಬರೂವಂಥಾ ಫಿಲ್ಮ್ ಇರ್ತೈತಿ. ಬಿಳೀ ಹಾಳಿ ಮ್ಯಾಲ ಕಪ್ಪು ಅಕ್ಷರ ಟೈಪ್ ಮಾಡಿ ಫೋಟೋ ಹೊಡಿ. ನೆಗೆಟಿವ್‌ನ್ಯಾಗ ಎಲ್ಲಾ ಉಲ್ಟಾ. ಕಪ್ಪಿನ್ಯಾಗ ಅಕ್ಷರ ಅಷ್ಟ ಬೆಳಗತಾವ."

ಹಿಟ್ಟಿನ ಕೈಯಲ್ಲೇ ಅಕ್ಕ ಮೇಜಿನ ಮೇಲೆ ಎರಡು ಚೌಕ ಬರೆದು ತೋರಿಸಿದರು. ಮೇಲಿನದು ಸಿನಿಮಾ, ಕೆಳಗಿನದು ಅಕ್ಷರ. ಆ ಫಿಲ್ಮು ಫೋಟೋ ಅಂಗಡಿಯಲ್ಲೇ ಸಿಗುತ್ತಿತ್ತು. ಕೆಲಸ ಆಗಬಹುದು ಅನ್ನಿಸಿತು.

ಮರುದಿನದಿಂದ ಬೆಳಿಗ್ಗೆ ಕ್ಲಾಸು ಶುರುವಾಗುವ ಮೊದಲು ನೆಲಮಾಳಿಗೆಗೆ ಹೋಗತೊಡಗಿದೆ. ಅಲ್ಲಿ ರೀಲನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡುವ ಎಡಿಟಿಂಗ್ ಮೇಜೊಂದಿತ್ತು. ಒಂದು ಮಾತು ಕೇಳುವುದು, ನಿಲ್ಲಿಸುವುದು, ಬರೆದುಕೊಳ್ಳುವುದು, ಹಿಂದಕ್ಕೆ ತಿರುಗಿಸುವುದು. ಕಷ್ಟ ಗೊತ್ತಾದದ್ದು ಆಗಲೇ. ಲಿಸ್ಬನ್ನಿನ ಪೊಲೀಸಿನವನ ಮಾತು ನನಗೆ ಪೂರ್ತಿ ಅರ್ಥವಾಗುತ್ತಿತ್ತು. ದ್ವೀಪದವರ ಮಾತು ಅರ್ಧವೂ ಆಗುತ್ತಿರಲಿಲ್ಲ. ಸ್ವರಗಳನ್ನು ನುಂಗಿ, ಪದಗಳ ಕೊನೆಯನ್ನು ಕಡಿದು, ಒಂದರೊಳಗೊಂದು ತುರುಕಿ ಆಡುತ್ತಿದ್ದರು. ಪಣಜಿಯಲ್ಲಿ ನನಗೆ ಪಾಠ ಹೇಳಿದ್ದ ನಿವೃತ್ತ ಮೇಷ್ಟರು ಪ್ರತಿ ಅಕ್ಷರವನ್ನೂ ತೂಗಿ ನುಡಿಯುವವರು. ಅವರಿಂದ ಕಲಿತ ಕಿವಿ ಇಲ್ಲಿ ಸೋತಿತು.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಒಂದು ಪದ. ಪೊಲೀಸಿನವನು ಅಡುಗೆಮನೆಯಲ್ಲಿ ನಿಂತು ತಾಯಿಯನ್ನು ಕೇಳುತ್ತಾನೆ, ಮಗ ಎಲ್ಲಿ ಎಂದು. ಆಕೆ ಹಿಟ್ಟು ನಾದುತ್ತ ತಲೆ ಎತ್ತದೆ ಏನೋ ಹೇಳುತ್ತಾಳೆ. ನನಗೆ ಕೇಳಿದ್ದು "ಕಲಫೋನ" ಎಂದು. ಸಿಕ್ಕ ನಿಘಂಟನ್ನೆಲ್ಲ ತಡಕಿದೆ. ಎಲ್ಲೂ ಇರಲಿಲ್ಲ. ಊರೋ, ವ್ಯಕ್ತಿಯೋ, ಬೈಗುಳವೋ ತಿಳಿಯಲಿಲ್ಲ. ಚಿತ್ರ ನಿಂತಿದ್ದೇ ಆ ಉತ್ತರದ ಮೇಲೆ.

ನಮ್ಮ ಅಪಾರ್ಟ್‌ಮೆಂಟಿನಿಂದ ಸ್ವಲ್ಪವೇ ದೂರದಲ್ಲಿ ಅಸೋರಿಶ್ ದ್ವೀಪದವರ ಮನೆಗಳಿದ್ದವು. ಮುಂದಿನ ಅಂಗಳದಲ್ಲಿ ಹುಲ್ಲಿನ ಬದಲು ಆಳೆತ್ತರದ ಕೋಸಿನ ಸೊಪ್ಪು ಬೆಳೆದಿದ್ದರೆ ಅದು ಅವರ ಮನೆ ಎಂದು ಹೇಳಬಹುದಾಗಿತ್ತು. ಡೈರಿಗಳಲ್ಲಿ, ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ದುಡಿದವರು ಬಹಳ. ಅವರಲ್ಲಿ ಒಬ್ಬಾಕೆ ವಾರಕ್ಕೊಮ್ಮೆ ಸ್ಥಳೀಯ ರೇಡಿಯೋದಲ್ಲಿ ಪೋರ್ಚುಗೀಸ್ ಕಾರ್ಯಕ್ರಮ ನಡೆಸುತ್ತಿದ್ದಳು. ಆ ಜನಕ್ಕೆಲ್ಲ ಆಕೆಯ ದನಿ ಗೊತ್ತು, ಆಕೆಯ ಮಾತೆಂದರೆ ಗೌರವ. ಫೋನು ಮಾಡಿ, ಒಂದು ಭಾನುವಾರ ಚಿತ್ರದ ಸಂಭಾಷಣೆಯನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ಆಕೆಯ ಮನೆಗೆ ಹೋದೆ.

ಎತ್ತರದ ಹೆಂಗಸು, ಬೆಳ್ಳಗಾದ ಕೂದಲನ್ನು ಗಂಟು ಕಟ್ಟಿದ್ದಳು. ಕಾಫಿ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿ, ತಲೆಯಾಡಿಸಿದಳು.

"ಬೇಡಮ್ಮ. ಆ ಸಿನಿಮಾದ ಹೆಸರು ಕೇಳಿದ್ದೀನಿ. ನನ್ನ ಕೇಳುಗರಲ್ಲಿ ಅರ್ಧ ಜನ ಹಳೇ ಸರ್ಕಾರನ ಬೈದ್ರೆ ರೇಡಿಯೋ ಆಫ್ ಮಾಡ್ತಾರೆ. ಇನ್ನರ್ಧ ಜನ ಹೊಗಳಿದ್ರೆ ಆಫ್ ಮಾಡ್ತಾರೆ. ಅದಕ್ಕೇ ನಾನು ಹಾಡು ಹಾಕ್ತೀನಿ."

"ರೇಡಿಯೋದಲ್ಲಿ ಏನೂ ಹೇಳೋದು ಬೇಡ. ಒಂದೇ ಒಂದು ಪದ ಕೇಳಿ ಹೋಗ್ತೀನಿ. ಕಲಫೋನ ಅಂದ್ರೆ ಏನು?"

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಲೋಟ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ನೀವೀಗ ಕೂತಿರೋದು ಎಲ್ಲಿ ಅಂದ್ಕೊಂಡಿದ್ದೀರಿ? ಇದೇ ಕಲಫೋನ. ನಮ್ಮ ಹಳ್ಳಿಯವರ ಬಾಯಲ್ಲಿ ಕ್ಯಾಲಿಫೋರ್ನಿಯಾ ಹಾಗಾಗುತ್ತೆ. ಇಲ್ಲಿಗೆ ಬಂದು ದುಡಿದು ವಾಪಸ್ ಹೋದೋರನ್ನೂ ಕಲಫೋನ ಅಂತಲೇ ಕರೀತಾರೆ. ಎಲ್ಲಿ, ಆ ಕ್ಯಾಸೆಟ್ ಹಾಕಿ, ಹೇಗೆ ಹೇಳ್ತಾಳೆ ಕೇಳೋಣ."

ಹಾಕಿದೆ. ಆಕೆ ಕಿವಿಗೊಟ್ಟು ಕೇಳಿ ನಗು ನಿಲ್ಲಿಸಿದಳು. "ಇವಳು ಬೇಕಂತಲೇ ಹೀಗೆ ಮಾತಾಡ್ತಿದ್ದಾಳೆ. ಹಳ್ಳೀಲೂ ಇಷ್ಟು ದಪ್ಪಗೆ ಯಾರೂ ಆಡಲ್ಲ. ಲಿಸ್ಬನ್ನಿನವನ ಮುಖಕ್ಕೇ ನಿಜ ಹೇಳ್ತಿದ್ದಾಳೆ, ಅವನಿಗೆ ತಿಳಿಯಲ್ಲ ಅಂತ ಗೊತ್ತಿದ್ದು."

ಆ ದೃಶ್ಯದಲ್ಲಿ ಆ ಪೊಲೀಸಿನವನಂತೆಯೇ ನಾನೂ ಏನೂ ತಿಳಿಯದೆ ನಿಂತಿದ್ದೆ. ಇಡೀ ಅಧಿಕಾರ ಒಂದು ಉಚ್ಚಾರದ ಮುಂದೆ ಕಿವುಡಾಗುತ್ತದೆ. ಸರ್ವಾಧಿಕಾರದ ಕಾಲದಲ್ಲಿ ಜನ ಹೇಗೆ ಬದುಕಿದರು ಎಂಬುದರ ಬಗ್ಗೆ ಪುಸ್ತಕದ ಒಂದು ಅಧ್ಯಾಯ ಹೇಳಲಾರದ್ದನ್ನು ಆ ಒಂದು ಮಾತು ಹೇಳುತ್ತಿತ್ತು.

ಕ್ಯಾಸೆಟ್ಟು ನಿಲ್ಲಿಸಲು ಆಕೆ ಬಿಡಲಿಲ್ಲ. ಮುಂದಿನ ಮಾತು, ಅದರ ಮುಂದಿನದು. ನಡುವೆ ನಾನು ಪೋರ್ಚುಗೀಸಿನಿಂದ ನಮ್ಮ ಕಡೆಗೆ ಬಂದ ಮಾತುಗಳನ್ನು ಹೇಳಿದೆ. ನಾವೂ ಮೇಜಿಗೆ ಮೇಜು ಎನ್ನುತ್ತೇವೆ, ಬೀಗದ ಕೈಗೆ ಚಾವಿ, ಆಲೂಗಡ್ಡೆಗೆ ಬಟಾಟೆ, ಸಂಬಳಕ್ಕೆ ಪಗಾರ, ಕಿಟಕಿಗೆ ಜನೇಲ. ಒಂದೊಂದಕ್ಕೂ ಆಕೆ ಮೇಜು ಕುಟ್ಟಿ ನಕ್ಕಳು. ಅಷ್ಟರಲ್ಲಿ ಆಕೆಯ ಗಂಡ ಅಡುಗೆಮನೆಗೆ ಬಂದರು. ಬೋಳುತಲೆಯ, ಮಾತು ಕಡಿಮೆಯ ಮನುಷ್ಯ.

"ಇವರು ಇಂಡಿಯಾದವರು. ಗೋವಾ ಪಕ್ಕದ ಊರಂತೆ," ಎಂದಳು ಆಕೆ.

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ, ನೀರು ಕುಡಿದು, ಹಿತ್ತಲಿಗೆ ಹೋದರು. ಆಕೆ ಮತ್ತೆ ಕ್ಯಾಸೆಟ್ಟಿನ ಗುಂಡಿ ಒತ್ತಿದಳು.

ಮುಂದೆ ಪ್ರತಿ ಭಾನುವಾರ ನಾವು ಕೂತು ಅನುವಾದ ಮಾಡಿದೆವು. ಬಯ್ಗುಳವನ್ನು ಮೆತ್ತಗೆ ಮಾಡಲು ಆಕೆ ಬಿಡುತ್ತಿರಲಿಲ್ಲ, ಉದ್ದದ ಸಾಲುಗಳನ್ನು ಹಾಗೇ ಇಡಲು ನಾನು ಒಪ್ಪುತ್ತಿರಲಿಲ್ಲ. ಒಂದು ಸ್ಲೈಡಿಗೆ ಎರಡು ಗಿಡ್ಡ ಸಾಲು, ಅದಕ್ಕಿಂತ ಹೆಚ್ಚಾದರೆ ಓದುವುದರೊಳಗೆ ಮಾತು ಮುಗಿದಿರುತ್ತದೆ. ಟೈಪು ಮಾಡಿದ ಹಾಳೆಗಳನ್ನು ಗೋಡೆಗೆ ಅಂಟಿಸಿ, ಹುಬ್ಬಳ್ಳಿಯ ಅಕ್ಕ ಎರಡೂ ಕಡೆ ದೀಪ ಇಟ್ಟು ಫೋಟೋ ಹೊಡೆದರು. ಮೊದಲ ಸುತ್ತಿನಲ್ಲಿ ಅಕ್ಷರಗಳ ಅಂಚು ಕೂದಲೆದ್ದಂತೆ ಬಂತು. ಟೈಪ್‌ರೈಟರಿನ ಬಟ್ಟೆಯ ರಿಬ್ಬನ್ನೇ ಕಾರಣ ಎಂದು ಅಕ್ಕ ಪತ್ತೆ ಹಚ್ಚಿ, ಆಫೀಸುಗಳಲ್ಲಿ ಬಳಸುವ ಪ್ಲಾಸ್ಟಿಕ್ ರಿಬ್ಬನ್ನು ತರಿಸಿದರು. ಅಷ್ಟನ್ನೂ ಮತ್ತೆ ಟೈಪು ಮಾಡಿದೆ. ಮಾತಿಲ್ಲದ ಕಡೆ ಬೆಳಕು ಬೀಳದಂತೆ ನಡುನಡುವೆ ಪೂರ್ತಿ ಕಪ್ಪು ಸ್ಲೈಡು ಸೇರಿಸಿದೆ. ಸಿನಿಮಾ ಓಡುವಾಗ ಕಿವಿಯಿಂದ ಕೇಳುತ್ತ, ಗುಂಡಿ ಒತ್ತಿ ಸ್ಲೈಡು ಬದಲಿಸುವ ಕೆಲಸ ನನ್ನದೇ.

ಮೊದಲ ರೀಲು ಸಿದ್ಧವಾದಾಗ ಕ್ಲಾಸಿನಲ್ಲೇ ಪರೀಕ್ಷೆಗೆ ತೋರಿಸಿದೆ. ಯಂತ್ರಗಳು ಸರಿಯಾಗಿ ಓಡಿದವು. ಅಕ್ಷರಗಳು ಚೊಕ್ಕವಾಗಿ ಬಂದವು. ತಾಯಿ ಹಿಟ್ಟು ನಾದುತ್ತ ಉತ್ತರ ಕೊಟ್ಟಳು. ಕೆಳಗೆ "ಅವನು ಕ್ಯಾಲಿಫೋರ್ನಿಯಾಕ್ಕೆ ಹೋದ" ಎಂದು ಇಂಗ್ಲಿಷಿನಲ್ಲಿ ಬೆಳಗಿತು. ಯಾರೂ ನಗಲಿಲ್ಲ. ಯಾರೂ ಮಿಸುಕಲೂ ಇಲ್ಲ. ಒಬ್ಬ ಹುಡುಗಿ ಕೈಯೆತ್ತಿದಳು.

"ಅವಳು ಹೇಳಿಬಿಟ್ಟಳಲ್ಲ? ಮತ್ತೆ ಪೊಲೀಸು ಯಾಕೆ ಹುಡುಕ್ತಾನೇ ಇದ್ದಾನೆ?"

ವಿವರಿಸಿದೆ. ಎಲ್ಲರೂ ಬರೆದುಕೊಂಡರು. ಅರ್ಥ ಅವರಿಗೆ ತಲುಪಿತು, ದೃಶ್ಯ ಅಲ್ಲೇ ಸತ್ತುಹೋಯಿತು. ಇಷ್ಟು ದುಡಿದು ನಾನು ಕಟ್ಟಿದ್ದು ಒಂದು ಒಳ್ಳೆಯ ಟಿಪ್ಪಣಿ ಮಾತ್ರ. ಮುಖ್ಯಸ್ಥೆ ಬಂದು ಇದನ್ನೇ ನೋಡಿದರೆ ಏನೆನ್ನುತ್ತಾರೆ ಎಂಬುದು ನನಗೇ ಗೊತ್ತಿತ್ತು.

ಆ ಸಂಜೆ ಮನೆಗೆ ಬರುವ ಬಸ್ಸಿನಲ್ಲಿ ಕೂತು ಯೋಚಿಸಿದೆ. ಆ ಪದ ಮೊದಲು ಅರ್ಥವಾಗದೆ ಇದ್ದದ್ದಕ್ಕೇ ನನಗೆ ಅಷ್ಟು ಬಲವಾಗಿ ತಟ್ಟಿತ್ತು. ರೇಡಿಯೋದಾಕೆ ನಕ್ಕಮೇಲೆ ತಿಳಿದದ್ದಕ್ಕೇ ತಟ್ಟಿತ್ತು. ವಿದ್ಯಾರ್ಥಿಗಳಿಂದ ಆ ಎರಡನ್ನೂ ನಾನೇ ಕಿತ್ತುಕೊಂಡಿದ್ದೆ.

ಬೆಳಿಗ್ಗೆ ಎದ್ದು ಎರಡು ತೀರ್ಮಾನ ಮಾಡಿದೆ. ಆ ಸ್ಲೈಡನ್ನು ತೆಗೆದು ಅದರ ಜಾಗದಲ್ಲಿ ಬರೀ "ಕಲಫೋನ" ಎಂದು ಹಾಕುವುದು. ಮತ್ತು ಚಿತ್ರವನ್ನು ಕ್ಯಾಂಪಸ್ಸಿನಲ್ಲಿ ತೋರಿಸದೆ, ಸಾಂಟಾ ಕ್ಲಾರಾದಲ್ಲಿದ್ದ ದ್ವೀಪದವರ ಸಭಾಭವನದಲ್ಲಿ, ಅವರ ನಡುವೆ ನನ್ನ ವಿದ್ಯಾರ್ಥಿಗಳನ್ನು ಕೂರಿಸಿ ತೋರಿಸುವುದು.

ಮುಖ್ಯಸ್ಥೆ ಕೇಳಿ ಕನ್ನಡಕ ತೆಗೆದರು. "ನನಗೆ ಕ್ಲಾಸು ನೋಡಬೇಕಿತ್ತು. ಇದು ಕ್ಲಾಸು ಹೌದೋ ಅಲ್ಲವೋ ಗೊತ್ತಿಲ್ಲ. ಕೆಟ್ಟರೆ ಇನ್ನೊಂದು ಅವಕಾಶ ಕೊಡೋಕಾಗಲ್ಲ, ಅದು ನಿಮಗೆ ತಿಳಿದಿರಲಿ."

"ತಿಳಿದಿದೆ. ದಯವಿಟ್ಟು ಬನ್ನಿ," ಎಂದೆ.

ರೇಡಿಯೋದಾಕೆ ಇನ್ನೂ ಹಿಂದೇಟು ಹಾಕಿದಳು. "ಜಗಳ ಆಗಬಹುದು. ಕೆಲವರ ಮನೇಲಿ ಈಗಲೂ ಆ ಸರ್ವಾಧಿಕಾರಿಯ ಫೋಟೋ ಇದೆ." ಆಮೇಲೆ ತಾನೇ, "ಆಗಲಿ. ಈ ಜಗಳ ಯಾವತ್ತೋ ಆಗಬೇಕಿತ್ತು. ರೇಡಿಯೋದಲ್ಲಿ ನಾನೇ ಕರೀತೀನಿ," ಎಂದಳು.

ಭಾನುವಾರ ಮಧ್ಯಾಹ್ನ ಸಭಾಭವನ ತುಂಬಿತು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದೆವು. ಸಿನಿಮಾ ಪ್ರೊಜೆಕ್ಟರನ್ನು ಪರಿಣತ ತಂತ್ರಜ್ಞನೊಬ್ಬ ನಡೆಸುತ್ತಿದ್ದ. ಸ್ಲೈಡ್ ಪ್ರೊಜೆಕ್ಟರು ನನ್ನ ಕೈಯಲ್ಲಿ. ಒಬ್ಬ ವಿದ್ಯಾರ್ಥಿ, ಪಕ್ಕದಲ್ಲಿ ದ್ವೀಪದವರೊಬ್ಬರು, ಹಾಗೆ ಕೂರಿಸಿದ್ದೆ. ಮುಖ್ಯಸ್ಥೆ ಹಿಂದಿನ ಸಾಲಿನಲ್ಲಿ ಕೋಟು ತೆಗೆಯದೆ ಕೂತಿದ್ದರು. ಹುಬ್ಬಳ್ಳಿಯ ಅಕ್ಕ ನನ್ನ ಬದಿಯಲ್ಲಿ ಮುಂದಿನ ಸ್ಲೈಡುಗಳನ್ನು ಜೋಡಿಸಿದ ತಟ್ಟೆ ಹಿಡಿದು ನಿಂತಿದ್ದರು.

ಶಾಲೆಯ ದೃಶ್ಯದಲ್ಲಿ ಗೋಡೆಯ ಮೇಲೆ ಸರ್ವಾಧಿಕಾರಿಯ ಚಿತ್ರ ಬಂದಾಗ ಗೊಣಗಾಟ ಶುರುವಾಯಿತು. ಇಬ್ಬರು ಎದ್ದು ಹೊರನಡೆದರು. ಆಮೇಲೆ ನೋಡಿದರೆ ಅವರು ಹೋಗಿರಲಿಲ್ಲ, ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ಅಡುಗೆಮನೆಯ ದೃಶ್ಯ ಬಂತು. ಪೊಲೀಸಿನವನು ಕೇಳಿದ. ತಾಯಿ ಹಿಟ್ಟು ತಿರುವಿ ಹಾಕಿ ಉತ್ತರ ಕೊಟ್ಟಳು. ಗುಂಡಿ ಒತ್ತಿದೆ. ಕತ್ತಲಲ್ಲಿ ಒಂದೇ ಪದ ಬೆಳಗಿತು, ಕಲಫೋನ.

ನಗುವೆಂದರೆ ಅಂಥ ನಗು. ಹೆಂಗಸರು ಒಬ್ಬರ ಭುಜದ ಮೇಲೊಬ್ಬರು ಬಿದ್ದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಇಬ್ಬರೂ ನಕ್ಕರು. ವಿದ್ಯಾರ್ಥಿಗಳು ಬೆಪ್ಪಾಗಿ ಅತ್ತಿತ್ತ ನೋಡಿದರು, ಪರದೆಯ ಮೇಲಿನ ಪೊಲೀಸಿನವನೂ ಹಾಗೆಯೇ ನೋಡುತ್ತಿದ್ದ. ಮುಂದಿನ ಸಾಲಿನಲ್ಲಿದ್ದ, ಆವತ್ತು ಕ್ಲಾಸಿನಲ್ಲಿ ಕೈಯೆತ್ತಿದ್ದ ಹುಡುಗಿ ಪಕ್ಕದ ಅಜ್ಜಿಯ ಕಡೆ ಬಾಗಿದಳು. ಅಜ್ಜಿ ಅವಳ ಕಿವಿಯಲ್ಲಿ ಏನೋ ಹೇಳಿ, ಕೆಳಗಿನ ನೆಲವನ್ನು ಬೆರಳಿನಿಂದ ತೋರಿಸಿದಳು. ಹುಡುಗಿ ಬಾಯಿಗೆ ಕೈ ಹಿಡಿದಳು. ಸಾಲಿನಿಂದ ಸಾಲಿಗೆ ಹಾಗೇ ಹಬ್ಬಿ, ಎರಡನೆಯ ನಗು ಎದ್ದಿತು. ತಿರುಗಿ ನೋಡಿದೆ. ಮುಖ್ಯಸ್ಥೆ ಪಕ್ಕದ ಗಂಡಸಿಗೆ ಏನೋ ಕೇಳುತ್ತಿದ್ದರು.

ಎರಡನೆಯ ರೀಲು ಅರ್ಧಕ್ಕೆ ಬಂದಿದ್ದಾಗ ಸ್ಲೈಡ್ ಪ್ರೊಜೆಕ್ಟರಿನ ಬಲ್ಬು ಪಟ್ಟೆಂದು ಹೋಯಿತು. ಬೇರೆ ಬಲ್ಬು ಇತ್ತು. ಯಂತ್ರ ಮಾತ್ರ ಮುಟ್ಟಲಾರದಷ್ಟು ಕಾದಿತ್ತು, ತಣಿಯುವವರೆಗೆ ತೆರೆಯುವ ಹಾಗಿರಲಿಲ್ಲ. ಸಿನಿಮಾ ಓಡುತ್ತಲೇ ಇತ್ತು. "ನಿಲ್ಲಿಸ್ಲಿ?" ಎಂದು ತಂತ್ರಜ್ಞ ಕೇಳಿದ. ನಾನು ಉತ್ತರಿಸುವ ಮೊದಲೇ ವೇದಿಕೆಯ ಮೈಕಿನಿಂದ ಇಂಗ್ಲಿಷಿನಲ್ಲಿ ಒಂದು ದನಿ ಬಂತು. ರೇಡಿಯೋದಾಕೆ. ತಾಯಿ ಆಡಿದ್ದನ್ನು ತಾಯಿಯಾಗಿ, ಮುದುಕ ಆಡಿದ್ದನ್ನು ಮುದುಕನಾಗಿ, ಪೊಲೀಸಿನವನದನ್ನು ಮೂಗಿನಿಂದ ಹೇಳುತ್ತ ಹೋದಳು. ನಾವಿಬ್ಬರೂ ಜಗಳವಾಡಿ ಕಟ್ಟಿದ ಸಾಲುಗಳು ಆಕೆಗೆ ಬಾಯಿಪಾಠವಾಗಿದ್ದವು. ಕೊನೆಯಲ್ಲಿ, ಮಗನಿಲ್ಲದ ಮನೆಯಲ್ಲಿ ತಾಯಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ದೃಶ್ಯ ಬಂದಾಗ ಆಕೆ ಮೈಕನ್ನು ಕೆಳಗಿಳಿಸಿ ಸುಮ್ಮನಾದಳು. ಆ ಮಾತನ್ನು ಅನುವಾದಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

"ಇಂಥಾಕಿ ಇದ್ದಾಳಂತ ಮೊದಲ ಹೇಳಬಾರದ?" ಎಂದರು ಅಕ್ಕ, ತಟ್ಟೆಯನ್ನು ಕೆಳಗಿಡುತ್ತ.

ದೀಪ ಹಾಕಿದರು. ನಾನು ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡು ಬಂದಿದ್ದೆ. ಕೇಳುವ ಮೊದಲೇ ನಡುವಿನ ಸಾಲಿನಿಂದ ರೇಡಿಯೋದಾಕೆಯ ಗಂಡ ಎದ್ದು ನಿಂತರು. ಹೆಂಡತಿಯ ಮುಖದಲ್ಲಿ ಕಂಡ ಅಚ್ಚರಿಯಿಂದಲೇ ಇದು ದಿನವೂ ನಡೆಯುವ ಸಂಗತಿಯಲ್ಲ ಎಂದು ತಿಳಿಯಿತು. ಅವರು ಪೋರ್ಚುಗೀಸಿನಲ್ಲಿ ನಿಧಾನವಾಗಿ ಹೇಳಿದರು. ವಾಕ್ಯದ ಕೊನೆಗೊಮ್ಮೆ ನನ್ನ ಕಡೆ ನೋಡಿ ನಿಲ್ಲುತ್ತಿದ್ದರು, ನಾನು ಇಂಗ್ಲಿಷಿಗೆ ತರುತ್ತಿದ್ದೆ.

"ಈ ಹುಡುಗ ಸೈನ್ಯಕ್ಕೆ ಹೋಗದೆ ತಪ್ಪಿಸಿಕೊಂಡ. ನಾನು ಹೋದೆ. ನನ್ನನ್ನು ಗೋವಾಕ್ಕೆ ಕಳಿಸಿದರು. ಇಂಡಿಯಾದ ಸೈನ್ಯ ಬಂದಾಗ ಲಿಸ್ಬನ್ನಿನಿಂದ ಅಪ್ಪಣೆ ಬಂತು, ಶರಣಾಗಬೇಡಿ, ಸಾಯಿರಿ ಅಂತ. ನಾವು ಬೆರಳೆಣಿಕೆಯ ಜನ. ನಮ್ಮ ಅಧಿಕಾರಿ ನಮ್ಮನ್ನು ಸಾಯಗೊಡಲಿಲ್ಲ. ತಿಂಗಳುಗಟ್ಟಲೆ ಸೆರೆಯಲ್ಲಿದ್ದೆವು. ಬಿಡುಗಡೆಯಾಗಿ ಊರಿಗೆ ಹಡಗಿನಲ್ಲಿ ಬಂದಿಳಿದಾಗ ನಮ್ಮವರೇ ನಮ್ಮನ್ನು ಬಂದೂಕು ಹಿಡಿದು ಇಳಿಸಿಕೊಂಡರು, ಕಳ್ಳರನ್ನು ಇಳಿಸಿಕೊಂಡ ಹಾಗೆ. ಹಳ್ಳಿಯಲ್ಲಿ ಜನ ಕೇಳಿದರು, ನೀನು ಯಾಕೆ ಬದುಕಿ ಬಂದೆ ಅಂತ. ಆಮೇಲೆ ನಾನೂ ಕಲಫೋನಕ್ಕೆ ಬಂದೆ."

ಈ ಸಲ ಆ ಪದಕ್ಕೆ ಯಾರೂ ನಗಲಿಲ್ಲ. ಅನುವಾದಿಸುವವರು "ನಾನು" ಎಂದರೆ ನಾನು ಎಂದೇ ಹೇಳಬೇಕು. "ನನ್ನನ್ನು ಗೋವಾಕ್ಕೆ ಕಳಿಸಿದರು," ಎಂದು ನನ್ನ ಬಾಯಿಂದಲೇ ಹೇಳಿದೆ.

ಅವರು ಕೂರಲಿಲ್ಲ. ನನ್ನನ್ನೇ ಕೇಳಿದರು, "ನಿಮ್ಮದು ಯಾವ ಊರು?"

"ಸದಾಶಿವಗಡ. ಕಾಳಿ ನದಿಯ ದಂಡೆ, ಕಾರವಾರದ ಆಚೆ."

"ನಮ್ಮ ಚೌಕಿ ಗೋವಾದ ದಕ್ಷಿಣದ ಗಡಿಯಲ್ಲಿತ್ತು. ಗುಡ್ಡದ ಮೇಲೆ ಪಹರೆ ನಿಂತಾಗ ಕಡಲಲ್ಲಿ ನಿಮ್ಮ ಕಡೆಯ ದೋಣಿಗಳ ಕಂದೀಲು ಕಾಣ್ತಿತ್ತು. ನಮ್ಮ ದ್ವೀಪದ ಹಾಗೇ ಇದೆ ಅಂದ್ಕೊಳ್ತಿದ್ದೆ."

"ನಾನಾಗ ಶಾಲೆಗೆ ಹೋಗುವ ಹುಡುಗಿ. ಅಂಜುದೀವಿ ನಡುಗಡ್ಡೆಯ ಕಡೆಯಿಂದ ತೋಪಿನ ಸದ್ದು ಕೇಳಿಸಿತು. ಎಲ್ಲರೂ ದಂಡೆಗೆ ಓಡಿದೆವು. ನೀವೆಲ್ಲ ಹೋಗ್ತೀರಿ ಅಂತ ನಮಗೆ ಖುಷಿ," ಎಂದೆ. ಆಡಿದ ಮೇಲೆ ಅದನ್ನು ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲೂ ಹೇಳಿದೆ. ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ.

ಅವರು ತಲೆಯಾಡಿಸಿದರು. "ನಮಗೂ ಹೋಗೋಕೆ ಖುಷಿಯೇ ಇತ್ತು. ಯಾರೂ ಕೇಳಲಿಲ್ಲ ಅಷ್ಟೇ."

ಅಲ್ಲಿಂದ ಮುಂದೆ ನಾನು ಏನನ್ನೂ ನಡೆಸಬೇಕಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದವನೊಬ್ಬ ಒಳಗೆ ಬಂದು, ಹಳೆಯ ಸರ್ಕಾರ ಇಲ್ಲದಿದ್ದರೆ ದೇಶ ಚೂರಾಗುತ್ತಿತ್ತು ಎಂದ. ಆಫ್ರಿಕಾದಲ್ಲಿ ತಮ್ಮನನ್ನು ಕಳೆದುಕೊಂಡವಳೊಬ್ಬಳು ಅವನಿಗೆ ಎದುರು ಹೇಳಿದಳು. ಮಾತು ಏರಿತು, ಯಾರೂ ಎದ್ದು ಹೋಗಲಿಲ್ಲ. ನನ್ನ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳು ನಾನು ಸಿದ್ಧಮಾಡಿ ತಂದಿದ್ದಕ್ಕಿಂತ ಚೆನ್ನಾಗಿದ್ದವು. ಒಬ್ಬ ಹುಡುಗ, ಇಂಡಿಯಾದವರ ಮೇಲೆ ಸಿಟ್ಟಿತ್ತೇ ಎಂದು ರೇಡಿಯೋದಾಕೆಯ ಗಂಡನನ್ನು ಕೇಳಿದ. "ಸೆರೆಯಲ್ಲಿಟ್ಟವರನ್ನು ಮರೆಯೋದು ಸುಲಭ. ಸಾಯಿ ಅಂದವರನ್ನು ಮರೆಯೋದು ಕಷ್ಟ," ಎಂದರು ಅವರು.

ಕೊನೆಗೆ ಅಡುಗೆಯ ಹೆಂಗಸರೇ ಬಂದು, ಸಾರು ಆರುತ್ತಿದೆ, ಉಳಿದ ಜಗಳ ಊಟದ ಮೇಜಿನಲ್ಲಿ ಮಾಡಿ ಎಂದು ಎಲ್ಲರನ್ನೂ ಎಬ್ಬಿಸಿದರು. ಸಾರು ಮಾಂಸದ್ದಾಗಿದ್ದರಿಂದ ನನಗೂ ಅಕ್ಕನಿಗೂ ಬೆಣ್ಣೆ ಹಚ್ಚಿದ ಸಿಹಿ ಬ್ರೆಡ್ಡು ತಂದುಕೊಟ್ಟರು. ತಟ್ಟೆ ಹಿಡಿದು ಕಿಟಕಿಯ ಬಳಿ ನಿಂತಿದ್ದಾಗ ಮುಖ್ಯಸ್ಥೆ ಬಂದರು. ಕೋಟು ಅವರ ತೋಳಿನ ಮೇಲಿತ್ತು.

"ಕೋರ್ಸು ಖಾಯಂ ಆಗುತ್ತೆ. ಕಮಿಟಿಗೆ ನಾನೇ ಹೇಳ್ತೀನಿ. ಮುಂದಿನ ವರ್ಷವೂ ನೀವೇ ಕಲಿಸಬೇಕು," ಎಂದರು. ಆಮೇಲೆ ಜನ ತುಂಬಿದ ಸಭಾಭವನದ ಕಡೆ ನೋಡುತ್ತ, "ಒಂದೇ ತೊಂದರೆ. ಇವತ್ತು ನೋಡಿದ್ದನ್ನ ಪಠ್ಯಸೂಚಿಯಲ್ಲಿ ಏನಂತ ಬರೆಯೋದು?"

"ಚರಿತ್ರೆ ಅಂತಲೇ ಬರೆಯಿರಿ," ಎಂದೆ.

ಅವರು ನಕ್ಕು ಸಾರು ಬಡಿಸಿಕೊಳ್ಳಲು ಹೋದರು. ಉದ್ದದ ಮೇಜುಗಳ ತುಂಬ ಮಾತು. ಆ ಹುಡುಗಿ ಅರ್ಧ ಇಂಗ್ಲಿಷು, ಅರ್ಧ ಶಾಲೆಯಲ್ಲಿ ಕಲಿತ ಸ್ಪ್ಯಾನಿಷಿನಲ್ಲಿ ಅಜ್ಜಿಯೊಡನೆ ಹರಟುತ್ತಿದ್ದಳು. ರೇಡಿಯೋದಾಕೆಯ ಗಂಡನ ಸುತ್ತ ನಾಲ್ಕಾರು ಹುಡುಗರು ನೆರೆದಿದ್ದರು. ಅವರು ಚಮಚ, ಲೋಟ, ಉಪ್ಪಿನ ಡಬ್ಬಿಗಳನ್ನು ಸಾಲಾಗಿಟ್ಟು ಗಡಿ ಎಲ್ಲಿ, ಚೌಕಿ ಎಲ್ಲಿ, ಕಡಲು ಎಲ್ಲಿ ಎಂದು ತೋರಿಸುತ್ತಿದ್ದರು. ಹುಡುಗರು ತಲೆಯಾಡಿಸುತ್ತ ಲೋಟವನ್ನು ಸರಿಸಿ ಮತ್ತೆ ಕೇಳುತ್ತಿದ್ದರು. ಇಷ್ಟು ವಾರ ನಾನು ಮಾಡಿದ ಕೆಲಸ ಒಂದೇ, ಅವರ ಮಾತನ್ನು ಇವರಿಗೆ ದಾಟಿಸುವುದು. ಈಗ ಆ ಸಭಾಭವನದಲ್ಲಿ ಯಾರೂ ನನ್ನನ್ನು ಕರೆಯಲಿಲ್ಲ. ನಾನು ಒಂದು ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕ ಕೂತು, ಬ್ರೆಡ್ಡನ್ನು ಮುರಿದು, ನಿಶ್ಚಿಂತೆಯಿಂದ ತಿಂದೆ.